ಸಿಕಂದರಾಬಾದ್: ಸಿವಿಲ್ ದಾವೆಗಳಲ್ಲಿ ಪ್ರತಿವಾದ

ಸಿವಿಲ್ ದಾವೆಯಲ್ಲಿ ಸಮನ್ಸ್ ಪಡೆದ ಪಕ್ಷ ತನ್ನ ಆಸ್ತಿ, ಹಣ, ಹಕ್ಕು ಉಳಿಸಿಕೊಳ್ಳಲು ನ್ಯಾಯಾಲಯದಲ್ಲಿ ಮಾಡುವ ಕೆಲಸಕ್ಕೆಲ್ಲ ಒಟ್ಟಾಗಿ ಪ್ರತಿವಾದ ಎನ್ನುತ್ತಾರೆ. ವಕಾಲತ್ತು ಹಾಕುವುದು, ತಕರಾರು (ಲಿಖಿತ ಉತ್ತರ) ಸಲ್ಲಿಸುವುದು, ತಡೆಯಾಜ್ಞೆ ಎದುರಿಸುವುದು, ಪಾಟೀ ಸವಾಲು, ಮೇಲ್ಮನವಿ, ಬೇಕಾದರೆ ರಾಜಿ, ಎಲ್ಲವೂ ಇದರೊಳಗೆ ಬರುತ್ತವೆ. ದೇಶಕ್ಕೆಲ್ಲ ಇದರ ಮೂಲ ಕಾನೂನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಆದರೂ ಜಗಳದ ಸ್ವರೂಪ ಊರಿಂದೂರಿಗೆ ಬೇರೆ. ಸಿಕಂದರಾಬಾದಿನಲ್ಲಿ ಅದು ಬಹುಮಟ್ಟಿಗೆ ನೆಲದ ಜಗಳ; ಪ್ರತಿವಾದಿಯ ಜಾಗದಲ್ಲಿ ಮನೆಮಾಲೀಕರಷ್ಟೇ ಅಲ್ಲದೆ ರಕ್ಷಣಾ ಇಲಾಖೆ, ದಂಡು ಮಂಡಳಿ, ರೈಲ್ವೆಗಳೂ ನಿಂತಿರುತ್ತವೆ. ವಾಯಿದೆ ಮೇಲೆ ವಾಯಿದೆ ಪಡೆದರೆ ಅರ್ಧ ಗೆದ್ದಂತೆ ಎಂಬ ನಂಬಿಕೆ ಕಕ್ಷಿದಾರರಲ್ಲಿ ಬಹುಕಾಲದಿಂದ ಬೇರೂರಿದೆ. 2002ರ ಸಂಹಿತೆ ತಿದ್ದುಪಡಿಯಿಂದ ಈಚಿನ ಕಾನೂನೂ ತೀರ್ಪುಗಳೂ ಆ ನಂಬಿಕೆಯನ್ನು ಮೆಲ್ಲಮೆಲ್ಲನೆ ಸುಳ್ಳು ಮಾಡುತ್ತ ಬಂದಿವೆ. ಈಗ ಪ್ರತಿವಾದ ಗೆಲ್ಲುವುದೂ ಸೋಲುವುದೂ ಮೊದಲ ತೊಂಬತ್ತು ದಿನಗಳಲ್ಲಿ ಸೇರಿಸಿದ ಕಾಗದಪತ್ರಗಳ ಮೇಲೆ.

ಒಂದೇ ನೆಲ, ಎರಡು ದಾಖಲೆ

ಮೂರನೆಯ ನಿಜಾಮ ಸಿಕಂದರ್ ಜಾ ಅವರ ಹೆಸರಿನಲ್ಲಿ 1806ರಲ್ಲಿ ಹುಟ್ಟಿದ ಈ ಊರು ಬ್ರಿಟಿಷರ ದಂಡಿನ ಊರು. ಹುಸೇನ್ ಸಾಗರದ ಆಚೆ ನಿಜಾಮರ ಆಡಳಿತ, ಉರ್ದು ದಾಖಲೆ, ಫಸಲಿ ವರ್ಷ. ಈಚೆ ಸೈನ್ಯದ ಆಡಳಿತ, ಇಂಗ್ಲಿಷ್ ರಿಜಿಸ್ಟರು. ಸುತ್ತಲಿನ ಹಳ್ಳಿಗಳ ಹೊಲಗಳು ಈ ಎರಡರ ನಡುವೆ ಸಿಕ್ಕಿದವು. ಹೀಗಾಗಿ ಇಂದಿಗೂ ಒಂದೇ ತುಂಡು ನೆಲ ಕಂದಾಯ ಇಲಾಖೆಯ ಸೇತ್ವಾರ್, ಖಾಸ್ರಾ ಪಹಣಿ ಎಂಬ ದಾಖಲೆಗಳಲ್ಲಿ ಒಬ್ಬ ಪಟ್ಟೆದಾರನ ಹೆಸರಿನಲ್ಲಿರುತ್ತದೆ. ದಂಡಿನ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿ, ಅಂದರೆ ಎಲ್ಲರೂ ಜಿ.ಎಲ್.ಆರ್. ಎನ್ನುವ ಪುಸ್ತಕದಲ್ಲಿ, ಭಾರತ ಸರ್ಕಾರದ ನೆಲವೆಂದು ದಾಖಲಾಗಿರುತ್ತದೆ. ಜಿ.ಎಲ್.ಆರ್. ದಂಡುಪ್ರದೇಶದ ಭೂ ಆಡಳಿತ ನಿಯಮಗಳಡಿ, ಮೊದಲು 1925ರ, ಆಮೇಲೆ 1937ರ ನಿಯಮಗಳಡಿ, ಇಟ್ಟುಕೊಂಡು ಬಂದ ದಾಖಲೆ. ‘ಓಲ್ಡ್ ಗ್ರಾಂಟ್’ ಬಂಗಲೆಗಳ ಜಗಳವೂ ಇಲ್ಲಿಯದೇ. ಕಟ್ಟಡ ವಾಸಿಸುವವನದು, ನೆಲ ಸರ್ಕಾರದ್ದು, ಪರಿಹಾರ ಕೊಟ್ಟು ಸರ್ಕಾರ ಹಿಂಪಡೆಯಬಹುದು. ಮೂರು ತಲೆಮಾರು ಬಾಳಿದ ಮನೆಯ ನೆಲ ತಮ್ಮದಲ್ಲವೆಂದು ನೋಟಿಸು ಬಂದಾಗಲೇ ಅನೇಕ ಕುಟುಂಬಗಳಿಗೆ ತಿಳಿಯುವುದು.

ಪ್ರತಿವಾದದ ಪಾಠವೆಂದೇ ಓದಬೇಕಾದ ಮೊಕದ್ದಮೆ ಇಲ್ಲಿಯದೇ ಕಾಕಾಗುಡದ್ದು. ವಾಸವಿ ಸಹಕಾರಿ ಗೃಹನಿರ್ಮಾಣ ಸಂಘ ತಾನು ಪಟ್ಟೆದಾರರಿಂದ ಕೊಂಡ ನೆಲದಲ್ಲಿ ಸೈನ್ಯದವರು ಕಟ್ಟಡ ಕಟ್ಟಿದ್ದಾರೆಂದು ಹೇಳಿ, ಹಕ್ಕು ಘೋಷಣೆ ಮತ್ತು ಸ್ವಾಧೀನ ಕೋರಿ 1988ರಲ್ಲಿ ಹೈದರಾಬಾದಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿತು. ಸಂಘದ ಬಲ ಕಂದಾಯ ದಾಖಲೆ, ಅದರಲ್ಲೂ 1353 ಫಸಲಿಯ, ಅಂದರೆ 1943–44ರ ಸುಮಾರಿನ ಸೇತ್ವಾರ್. ಭಾರತ ಸರ್ಕಾರದ ಬಲ ಜಿ.ಎಲ್.ಆರ್. ವಿಚಾರಣಾ ನ್ಯಾಯಾಲಯ ಸಂಘದ ಪರ ಡಿಕ್ರಿ ಕೊಟ್ಟಿತು, ಹೈಕೋರ್ಟ್ ಎತ್ತಿಹಿಡಿಯಿತು. 2014ರ ಜನವರಿ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಎರಡೂ ತೀರ್ಪುಗಳನ್ನು ರದ್ದು ಮಾಡಿದರು. ಹಕ್ಕು ಘೋಷಣೆ ಕೇಳಿ ಬಂದವನು ತನ್ನ ಹಕ್ಕನ್ನು ತನ್ನ ದಾಖಲೆಗಳ ಬಲದಿಂದಲೇ ಸಾಬೀತುಪಡಿಸಬೇಕು. ಪ್ರತಿವಾದಿಯ ದೌರ್ಬಲ್ಯ ಅವನ ಊರುಗೋಲಾಗದು. ಕಂದಾಯ ದಾಖಲೆಯ ನಮೂದು ತಾನಾಗಿಯೇ ಹಕ್ಕು ಕೊಡುವುದಿಲ್ಲ ಎಂಬುದು ತೀರ್ಪಿನ ತಿರುಳು. ಪ್ರತಿವಾದಿ ಎತ್ತಿದ ಹಕ್ಕು ನಿಲ್ಲದಿದ್ದರೂ ಸರಿ, ವಾದಿ ತನ್ನದನ್ನು ತೋರಿಸದಿದ್ದರೆ ದಾವೆ ಬಿದ್ದಂತೆಯೇ.

ಈ ತೀರ್ಪನ್ನು ಪ್ರತಿವಾದಿಗೆ ಸುಮ್ಮನಿರಲು ಸಿಕ್ಕ ಪರವಾನಗಿ ಎಂದು ಓದುವವರಿದ್ದಾರೆ. ಅದು ತಪ್ಪು ಓದು. ಭಾರತ ಸರ್ಕಾರ ಗೆದ್ದದ್ದು ಸುಮ್ಮನಿದ್ದುದರಿಂದಲ್ಲ, ಜಿ.ಎಲ್.ಆರ್. ತಂದು ಮುಂದಿಟ್ಟು, ವಾದಿಯ ಸೇತ್ವಾರ್ ಆ ನೆಲವನ್ನು ಮುಟ್ಟುವುದಿಲ್ಲವೆಂದು ವಾದಿಸಿದ್ದರಿಂದ. ದಾವೆ ಹೂಡಿದ ವರ್ಷದಿಂದ ಅಂತಿಮ ತೀರ್ಪಿಗೆ 26 ವರ್ಷ ಹಿಡಿಯಿತು ಎಂಬುದನ್ನೂ ಮರೆಯುವಂತಿಲ್ಲ.

ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ದಾಖಲೆಗಳ ಭಾಷೆ ಅಲ್ಲಿಯ ಹಳೆಯ ಕನ್ನಡ ಮನೆತನಗಳಿಗೂ ಪರಿಚಿತ. ಟ್ರಂಕಿನ ತಳದಲ್ಲಿರುವ ಉರ್ದು ಕಾಗದದಲ್ಲಿ ಫಸಲಿ ವರ್ಷ ಕಂಡರೆ ಅದಕ್ಕೆ 590 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತದೆ. ಆದರೆ ಶಿಕಸ್ತ ಎಂಬ ಕೂಡುಬರಹ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ವಾದಿ ಕೊಟ್ಟ ಅನುವಾದವನ್ನು ಒಪ್ಪಿಕೊಂಡು ಮುಂದೆ ಹೋಗುವ ಪ್ರತಿವಾದಿ ಒಂದು ಸರ್ವೆ ನಂಬರಿನ ಬಾಟಾ (ಉಪವಿಭಾಗ), ಒಂದು ಗುಂಟೆಯ ಲೆಕ್ಕ ತಪ್ಪಿದರೂ ಸೋಲುತ್ತಾನೆ. ಮೂಲ ಪ್ರತಿ ತರಿಸಿ ಬೇರೊಬ್ಬರಿಂದ ಓದಿಸುವುದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಯಾವ ಕೋರ್ಟಿಗೆ ಸೇರಿದ್ದು

ವಾದಪತ್ರ ಕೈಗೆ ಬಂದೊಡನೆ ಅನುಭವಿ ವಕೀಲರು ಮೊದಲು ನೋಡುವುದು ದಾವೆ ಸರಿಯಾದ ಬಾಗಿಲಿಗೆ ಬಂದಿದೆಯೇ ಎಂದು. ಸಿಕಂದರಾಬಾದಿನಲ್ಲಿ ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ. ಸೈನಿಕಪುರಿಯ ಮನೆಗೆ ಬರುವ ಪತ್ರದ ಮೇಲೆ ಸಿಕಂದರಾಬಾದ್ ಎಂದೇ ಇರುತ್ತದೆ, ಆದರೆ 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದ ಮೇಲೆ ಆ ನೆಲ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಯದು. ಮಾರೇಡ್‌ಪಲ್ಲಿ, ತಿರುಮಲಗಿರಿ ಹೈದರಾಬಾದ್ ಜಿಲ್ಲೆಯವು. ಸ್ಥಿರಾಸ್ತಿಯ ದಾವೆ ಆಸ್ತಿ ಇರುವಲ್ಲೇ ನಡೆಯಬೇಕು. ಆದರೆ ಸ್ಥಳದ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ, ವಿವಾದಾಂಶಗಳನ್ನು ರೂಪಿಸುವುದಕ್ಕೆ ಮುಂಚೆಯೇ ಎತ್ತಬೇಕೆಂದು ಸಂಹಿತೆಯ 21ನೇ ಕಲಂ ಹೇಳುತ್ತದೆ. ತಡವಾದರೆ ಆ ಅಸ್ತ್ರ ಕೈಬಿಟ್ಟಂತೆ.

ಬಾಡಿಗೆ ವ್ಯಾಜ್ಯದಲ್ಲಿ ಇನ್ನೊಂದು ತಿರುವು. ದಂಡುಪ್ರದೇಶದ ಮನೆಗಳ ನಿಯಂತ್ರಣ ಕೇಂದ್ರದ ವಿಷಯವೆಂದು ಸುಪ್ರೀಂ ಕೋರ್ಟ್ 1969ರ ಇಂದುಭೂಷಣ್ ಬೋಸ್ ಮೊಕದ್ದಮೆಯಲ್ಲಿ ಹೇಳಿದೆ. ರಾಜ್ಯದ ಬಾಡಿಗೆ ಕಾಯಿದೆ ಅಲ್ಲಿಗೆ ತಾನಾಗಿ ಹೋಗುವುದಿಲ್ಲ; 1957ರ ಕಾಯಿದೆಯಡಿ ಕೇಂದ್ರದ ಅಧಿಸೂಚನೆ ಬೇಕು. ಹಾಗಾಗಿ ಬಾಡಿಗೆದಾರನ ಪರ ವಕೀಲರು ಮನೆ ರಸ್ತೆಯ ಯಾವ ಬದಿಗಿದೆ ಎಂದು ಮೊದಲು ಕೇಳುತ್ತಾರೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು, ಇಲ್ಲಿ ದಿನದ ಮಾತು. ರೈಲ್ವೆ, ರಕ್ಷಣಾ ಇಲಾಖೆಗಳ ವಸತಿಗೃಹಗಳಾದರೆ 1971ರ ಸಾರ್ವಜನಿಕ ಆವರಣಗಳ ಕಾಯಿದೆಯಡಿ ಎಸ್ಟೇಟ್ ಅಧಿಕಾರಿ ತೆರವು ಆದೇಶ ಕೊಡುತ್ತಾರೆ, ಸಿವಿಲ್ ಕೋರ್ಟಿಗೆ ಪ್ರವೇಶವಿಲ್ಲ. ಬಿಲ್ಡರ್ ಜಗಳ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ (ರೇರಾ), ಬ್ಯಾಂಕಿನ ಭದ್ರತಾ ಆಸ್ತಿಯ ಜಗಳ ಸಾಲ ವಸೂಲಿ ನ್ಯಾಯಮಂಡಳಿಗೆ. ಒಪ್ಪಂದದಲ್ಲಿ ಪಂಚಾಯ್ತಿ (ಆರ್ಬಿಟ್ರೇಷನ್) ಕಲಮು ಇದ್ದರೆ ದಾವೆಯ ತಿರುಳಿನ ಬಗ್ಗೆ ಮೊದಲ ಹೇಳಿಕೆ ಕೊಡುವುದರೊಳಗೆ ಅದನ್ನು ಎತ್ತಬೇಕು.

ಸಮನ್ಸ್ ಮತ್ತು ತಕರಾರು

ಈ ಊರಿನಲ್ಲಿ ಏಕಪಕ್ಷೀಯ ಡಿಕ್ರಿಗಳಿಗೆ ದಾರಿ ಮಾಡಿಕೊಡುವ ಕಾರಣ ಸರಳ: ಮನೆಯಲ್ಲಿ ವಯಸ್ಸಾದವರು, ಮಕ್ಕಳು ಹೊರದೇಶದಲ್ಲಿ. ಅಮೀನ ಬಂದು ಬಾಗಿಲಿಗೆ ಸಮನ್ಸ್ ಅಂಟಿಸಿ ಹೋಗುತ್ತಾನೆ. ಬಾಡಿಗೆದಾರ ಅದನ್ನು ವಿದ್ಯುತ್ ಬಿಲ್ಲಿನ ಜೊತೆ ಎತ್ತಿಡುತ್ತಾನೆ. ಡಿಕ್ರಿಯಾದ ಮೇಲೆ ಅದನ್ನು ರದ್ದು ಮಾಡಿಸಲು ಆದೇಶ 9, ನಿಯಮ 13ರಡಿ ಅರ್ಜಿ ಹಾಕಬಹುದು. ಅದಕ್ಕೆ ಕಾಲಮಿತಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ ದಿನದಿಂದ. ತಪ್ಪಿಸಿಕೊಂಡು ತಿರುಗುವುದಂತೂ ಈಗ ನಡೆಯದು. ‘ಪುಷ್ಪಕ ವಿಮಾನ’ ಎಂಬ ಕನ್ನಡ ಚಿತ್ರ ಕೊರಿಯನ್ ಚಿತ್ರವೊಂದರ ನಕಲೆಂದು 2017ರಲ್ಲಿ ಬಾಂಬೆ ಹೈಕೋರ್ಟಿಗೆ ಹೋದ ದಾವೆಯಲ್ಲಿ, ವಾಟ್ಸಾಪ್ ಮತ್ತು ಇಮೇಲಿನಲ್ಲಿ ಕಳುಹಿಸಿದ ನೋಟಿಸೇ ಸಾಕೆಂದು ನ್ಯಾಯಾಲಯ ಒಪ್ಪಿತು.

ತಕರಾರು ಸಲ್ಲಿಸಲು 30 ದಿನ, ಕಾರಣ ಬರೆದುಕೊಟ್ಟು ವಿಸ್ತರಿಸಿದರೆ 90. ಸಾಮಾನ್ಯ ದಾವೆಗಳಲ್ಲಿ ಈ 90 ಕಲ್ಲಿನ ಮೇಲೆ ಕೊರೆದದ್ದಲ್ಲ, ಅಪರೂಪದ ಸಂದರ್ಭದಲ್ಲಿ ಮೀರಬಹುದೆಂದು 2005ರ ಕೈಲಾಶ್–ನನ್ಕು ತೀರ್ಪು ಹೇಳಿತು. ವಾಣಿಜ್ಯ ದಾವೆಗಳಲ್ಲಿ ಆ ಔದಾರ್ಯವಿಲ್ಲ. 2015ರ ವಾಣಿಜ್ಯ ನ್ಯಾಯಾಲಯ ಕಾಯಿದೆಯಡಿ, ಸಮನ್ಸ್ ಜಾರಿಯಾದ 120ನೇ ದಿನ ದಾಟಿದರೆ ತಕರಾರು ಹಾಕುವ ಹಕ್ಕೇ ಹೋಗುತ್ತದೆ. 2019ರ ಎಸ್‌ಸಿಜಿ ಕಾಂಟ್ರಾಕ್ಟ್ಸ್ ತೀರ್ಪು ಇದನ್ನು ಸ್ಪಷ್ಟಪಡಿಸಿತು. 2018ರ ತಿದ್ದುಪಡಿಯ ಬಳಿಕ ವಾಣಿಜ್ಯ ವ್ಯಾಜ್ಯದ ಕನಿಷ್ಠ ಮೌಲ್ಯ 3 ಲಕ್ಷ ರೂಪಾಯಿ ಮಾತ್ರ. ರಾಣಿಗಂಜಿನ ಸಣ್ಣ ಅಂಗಡಿಯ ಸರಕಿನ ಬಾಕಿಯೂ ಈ ಬಿಗಿ ಕಾನೂನಿನೊಳಗೆ ಬಂದು ಬೀಳುತ್ತದೆ, ಅಂಗಡಿಯವನಿಗೆ ಗೊತ್ತೇ ಇರುವುದಿಲ್ಲ.

ತಕರಾರಿನ ಬರವಣಿಗೆಯಲ್ಲೇ ಎಷ್ಟೋ ದಾವೆಗಳು ಸೋಲುತ್ತವೆ. ‘ವಾದಪತ್ರದ 4ರಿಂದ 11ನೇ ಪ್ಯಾರಾಗಳ ಸಂಗತಿ ಸುಳ್ಳು, ವಾದಿ ಕಟ್ಟುನಿಟ್ಟಾಗಿ ಸಾಬೀತುಪಡಿಸಲಿ’ ಎಂಬ ಸಾಲು ಸಾವಿರಾರು ಕಡತಗಳಲ್ಲಿ ಸಿಗುತ್ತದೆ. ಆದೇಶ 8ರ 3ರಿಂದ 5ರವರೆಗಿನ ನಿಯಮಗಳ ಪ್ರಕಾರ ಇಂಥ ಗುಂಪು ನಿರಾಕರಣೆ ನಿರಾಕರಣೆಯೇ ಅಲ್ಲ. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿದಂತೆ ಎಣಿಸಬಹುದು. 7ನೇ ಪ್ಯಾರಾದಲ್ಲಿ ಹೇಳಿದ ತಾರೀಖಿನ ಒಪ್ಪಂದ ಆಗಿಲ್ಲ, ಅಂದು ತಾನು ಊರಲ್ಲೇ ಇರಲಿಲ್ಲ, ಸಹಿ ತನ್ನದಲ್ಲ, ಮುಂಗಡ ಬಂದ ಖಾತೆಯೇ ತನಗಿಲ್ಲ ಎಂದು ಒಂದೊಂದಾಗಿ ಬರೆದ ತಕರಾರಿಗೆ ಬೇರೆಯೇ ತೂಕ. ವಾದಿಯ ಮೇಲೆ ತನಗೂ ಕ್ಲೇಮು ಇದ್ದರೆ ಪ್ರತಿದಾವೆಯನ್ನು ಅಲ್ಲೇ ಹಾಕಬೇಕು. ಸರ್ಕಾರ ಪ್ರತಿವಾದಿಯಾಗಿದ್ದರೆ ವಾದಿ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸು ಕೊಟ್ಟಿದ್ದಾನೆಯೇ ಎಂದು ನೋಡಬೇಕು.

ಆರಂಭದಲ್ಲೇ ತಳ್ಳಿಹಾಕಿಸುವುದು

ವಾದಪತ್ರದಲ್ಲಿ ದಾವೆಗೆ ಕಾರಣವೇ ಇಲ್ಲದಿದ್ದರೆ ಅಥವಾ ಅದನ್ನು ಓದಿದೊಡನೆ ಕಾಲಮಿತಿ ಮೀರಿದ್ದು ಕಂಡರೆ ಆದೇಶ 7, ನಿಯಮ 11ರಡಿ ಅದನ್ನು ತಿರಸ್ಕರಿಸುವಂತೆ ಕೇಳಬಹುದು. ಈ ನಿಯಮಕ್ಕೆ ಹಲ್ಲು ಬಂದದ್ದು ಕರ್ನಾಟಕದ ಮೊಕದ್ದಮೆಯೊಂದರಿಂದ. 1977ರ ಅರಿವಂದಂದಂ–ಸತ್ಯಪಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಜಾಣ ಬರವಣಿಗೆಯಿಂದ ದಾವೆಗೆ ಕಾರಣವಿದೆಯೆಂಬ ಭ್ರಮೆ ಹುಟ್ಟಿಸಿದ ವಾದಪತ್ರವನ್ನು ಮೊದಲ ದಿನವೇ ಮುಗಿಸಬೇಕೆಂದರು. 2020ರ ದಹಿಬೆನ್ ತೀರ್ಪಿನಲ್ಲಿ, 2009ರ ಕ್ರಯಪತ್ರವನ್ನು 2014ರಲ್ಲಿ ಪ್ರಶ್ನಿಸಿದ ದಾವೆ ಕಾಲಮಿತಿಯ ಕಾರಣಕ್ಕೆ ಹೊಸಿಲಲ್ಲೇ ಬಿತ್ತು.

ಆದರೆ ಈ ಅರ್ಜಿಯಲ್ಲಿ ವಾದಪತ್ರ ಮತ್ತು ಅದರ ಜೊತೆಗಿನ ದಾಖಲೆ ಬಿಟ್ಟರೆ ಬೇರೇನನ್ನೂ ನೋಡುವಂತಿಲ್ಲ. ಪ್ರತಿವಾದಿಯ ಬಳಿ ಎಷ್ಟೇ ಒಳ್ಳೆಯ ಕಾಗದವಿದ್ದರೂ ಅದು ಇಲ್ಲಿ ಬೇಡದ ವಸ್ತು. ಇದನ್ನು ಮರೆತು ಪ್ರತಿಯೊಂದು ದಾವೆಯಲ್ಲೂ ಈ ಅರ್ಜಿ ಹಾಕುವುದು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಚಾಳಿಯಾಗಿದೆ. ಅರ್ಜಿ ವಜಾ ಆಗುವಷ್ಟರಲ್ಲಿ ತಕರಾರಿನ ದಿನಗಳು ಕಳೆದಿರುತ್ತವೆ, ವಾದಿಗೆ ತನ್ನ ದೋಷ ಎಲ್ಲಿದೆಯೆಂದೂ ಗೊತ್ತಾಗಿರುತ್ತದೆ.

ತಡೆಯಾಜ್ಞೆ

ನೆಲದ ಜಗಳದಲ್ಲಿ ಅಂತಿಮ ತೀರ್ಪಿಗಿಂತ ಮಧ್ಯಂತರ ತಡೆಯಾಜ್ಞೆಯೇ ಎಷ್ಟೋ ಸಲ ನಿರ್ಣಾಯಕ. ಎದುರಾಳಿ ಕೋರ್ಟಿಗೆ ಹೋಗುವ ಸುಳಿವು ಸಿಕ್ಕರೆ 148ಎ ಕಲಂ ಪ್ರಕಾರ ಕೇವಿಯಟ್ ಹಾಕಿಟ್ಟರೆ 90 ದಿನ ಅದು ಜೀವಂತ. ಏಕಪಕ್ಷೀಯ ಆದೇಶ ಬಂದಿದ್ದರೆ, ವಾದಿ ಅರ್ಜಿ ಮತ್ತು ದಾಖಲೆಗಳ ಪ್ರತಿಯನ್ನು ತಕ್ಷಣ ಕಳುಹಿಸಿ ಅಂದೇ ಅಥವಾ ಮರುದಿನ ಪ್ರಮಾಣಪತ್ರ ಹಾಕಿದ್ದಾನೆಯೇ ಎಂದು ಪರಿಶೀಲಿಸುವುದು ಜಾಣತನ. ಆದೇಶ 39ರ 3ಎ ನಿಯಮದಂತೆ ಆ ಅರ್ಜಿ 30 ದಿನಗಳಲ್ಲಿ ತೀರ್ಮಾನವಾಗಬೇಕು, ಆಗುವುದು ಅಪರೂಪ.

ತೆಲಂಗಾಣದ ಪ್ರತಿವಾದಿಗಳು ನಿತ್ಯವೂ ಮುಂದಿಡುವ ತೀರ್ಪು ವರಂಗಲ್ಲಿನಿಂದ ಹೋದ ಅನತುಲ ಸುಧಾಕರ್–ಬುಚ್ಚಿರೆಡ್ಡಿ ಪ್ರಕರಣದ್ದು. 2008ರಲ್ಲಿ ಅದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಹಕ್ಕಿನ ಮೇಲೆ ನಿಜವಾದ ಮೋಡ ಕವಿದಿದ್ದರೆ ಬರೀ ತಡೆಯಾಜ್ಞೆ ಕೋರಿದ ದಾವೆ ನಡೆಯದು, ಹಕ್ಕು ಘೋಷಣೆಯನ್ನೂ ಕೇಳಬೇಕು ಎಂಬುದು ಅದರ ಸಾರ. ಖಾಲಿ ನಿವೇಶನಗಳ ದಾವೆಯಲ್ಲಿ ಪ್ರತಿವಾದಿ ತನ್ನ ಹಕ್ಕಿನ ಸರಪಳಿಯನ್ನು ತಕರಾರಿನಲ್ಲಿ ಸರಿಯಾಗಿ ಬಿಡಿಸಿಟ್ಟರೆ ಸಾಕು, ವಾದಿ ದೊಡ್ಡ ದಾವೆಗೆ ಇಳಿಯಲೇಬೇಕಾಗುತ್ತದೆ. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೂ ರವೀಂದ್ರನ್ ಅವರೇ, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೂಲಕದ ಮಾರಾಟದಿಂದ ಹಕ್ಕು ಬರುವುದಿಲ್ಲವೆಂದು ಹೇಳಿದರು. ಎಂಬತ್ತು–ತೊಂಬತ್ತರ ದಶಕದಲ್ಲಿ ಜಿಪಿಎ ಮೇಲೆ ಕೊಂಡ ಪ್ಲಾಟುಗಳ ದಾವೆಯಲ್ಲಿ ಇದು ಎರಡೂ ಕಡೆಗೆ ಕೊಯ್ಯುತ್ತದೆ.

ಸಾಕ್ಷ್ಯ

ಒಂದೇ ಉಸಿರಿನಲ್ಲಿ ‘ನೆಲ ನನ್ನದೇ, ಅಲ್ಲದಿದ್ದರೂ ಹನ್ನೆರಡು ವರ್ಷದಿಂದ ಪ್ರತಿಕೂಲ ಸ್ವಾಧೀನದಲ್ಲಿದ್ದೇನೆ’ ಎನ್ನುವ ತಕರಾರುಗಳಿಗೆ ಲೆಕ್ಕವಿಲ್ಲ. ವಿಜಯಪುರದ ಸ್ಮಾರಕಗಳ ಕುರಿತ ಕರ್ನಾಟಕ ವಕ್ಫ್ ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಈ ಎರಡು ವಾದಗಳು ಒಂದಕ್ಕೊಂದು ವಿರುದ್ಧವೆಂದು ಹೇಳಿಯಾಗಿದೆ. ಪ್ರತಿಕೂಲ ಸ್ವಾಧೀನ ಎನ್ನುವವನು ನಿಜವಾದ ಮಾಲೀಕ ಯಾರೆಂದು ಒಪ್ಪಬೇಕು. ಸರ್ಕಾರದ ವಿರುದ್ಧವಾದರೆ ಅವಧಿ ಹನ್ನೆರಡಲ್ಲ, ಮೂವತ್ತು ವರ್ಷ.

ಪ್ರತಿವಾದಿ ಹೊರದೇಶದಲ್ಲಿದ್ದು ತಮ್ಮನೋ ಭಾವನೋ ಜಿಪಿಎ ಹಿಡಿದು ಸಾಕ್ಷಿ ಹೇಳುವುದು ಇಲ್ಲಿ ಸಾಮಾನ್ಯ. ಮಾಲೀಕನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಜಿಪಿಎ ಹಿಡಿದವನು ಅವನ ಬದಲಿಗೆ ಹೇಳಲಾಗದೆಂದು 2004ರ ಜಾನಕಿ ಭೋಜ್ವಾನಿ ತೀರ್ಪು ಸಾರಿದೆ. ಹೊರದೇಶದಲ್ಲಿ ಬರೆದ ಜಿಪಿಎಗೆ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ವಾಟ್ಸಾಪ್ ಸಂದೇಶ, ಸಿಸಿಟಿವಿ, ಬ್ಯಾಂಕಿನ ಪ್ರಿಂಟೌಟ್‌ಗಳಿಗೆ ಪ್ರಮಾಣಪತ್ರ ಕಡ್ಡಾಯವೆಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದಕ್ಕೆ ತಜ್ಞನ ಭಾಗವನ್ನೂ ಹ್ಯಾಶ್ ಮೌಲ್ಯವನ್ನೂ ಸೇರಿಸಿದೆ. ಫೋನು ಬದಲಿಸುವ ಮುಂಚೆ ಈ ಕೆಲಸ ಮುಗಿಸಿಟ್ಟುಕೊಳ್ಳದವರು ಆಮೇಲೆ ಪರದಾಡುತ್ತಾರೆ.

ಎರಡು ರಾಜ್ಯಗಳ ಪಾಲು ದಾವೆ

ಕಲಬುರಗಿ, ಬೀದರ್ ಕಡೆಯಿಂದ ಬಂದು ಕಾಚಿಗುಡ, ಸಿಕಂದರಾಬಾದುಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಹೊಲ ಅಲ್ಲಿ, ಮನೆ ಇಲ್ಲಿ. ಸಂಹಿತೆಯ 17ನೇ ಕಲಂ ಪ್ರಕಾರ ಪಾಲಿನ ದಾವೆಯನ್ನು ಯಾವ ಕಡೆಯ ಕೋರ್ಟಿನಲ್ಲಾದರೂ ಹೂಡಬಹುದು. ಅಕ್ಕ ಇಲ್ಲಿ, ತಮ್ಮ ಅಲ್ಲಿ ಹೂಡಿದರೆ ನಂತರದ ದಾವೆಯನ್ನು 10ನೇ ಕಲಂ ಮೂಲಕ ನಿಲ್ಲಿಸಲು ಕೇಳಬೇಕು. ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿನದು.

ಇಂಥ ದಾವೆಗಳಲ್ಲಿ ಗಂಡುಮಕ್ಕಳ ಹಳೆಯ ಪ್ರತಿವಾದ ಮದುವೆಯ ತಾರೀಖಿನ ಮೇಲೆ ನಿಂತಿತ್ತು. ಆಂಧ್ರದ ತಿದ್ದುಪಡಿಯಲ್ಲಿ 1985ರ ಸೆಪ್ಟೆಂಬರ್ 5ಕ್ಕೆ, ಕರ್ನಾಟಕದ್ದರಲ್ಲಿ 1994ರ ಜುಲೈ 30ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಸಮಪಾಲು ಇರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಮತ್ತು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನ ಮೇಲೆ ಆ ಗೋಡೆ ಬಿದ್ದಿದೆ. ಉಳಿದದ್ದು ‘ಮೊದಲೇ ಪಾಲಾಗಿತ್ತು’ ಎಂಬ ವಾದ. 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ಪಾಲುಪತ್ರ ಅಥವಾ ಡಿಕ್ರಿ ಇದ್ದರೆ ಅದು ನಿಲ್ಲುತ್ತದೆ. ಬಾಯಿಮಾತಿನ ಪಾಲನ್ನು, ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ, ನ್ಯಾಯಾಲಯಗಳು ಸುಲಭಕ್ಕೆ ನಂಬುವುದಿಲ್ಲ. ಹೆಣ್ಣುಮಕ್ಕಳಿಗೆ ತಡವಾಗಿಯಾದರೂ ಬಂದ ನ್ಯಾಯವಿದು.

ರೈಲ್ವೆ ಪ್ರತಿವಾದಿಯಾದಾಗ

ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಸಿಕಂದರಾಬಾದಿನಲ್ಲೇ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನ ಪೀಠವೂ ಇದೆ. ಪ್ರತಿವಾದಕ್ಕೆ ಎಷ್ಟು ಕಡಿಮೆ ಜಾಗ ಉಳಿಯಬಹುದು ಎಂಬುದಕ್ಕೆ ಅಲ್ಲಿಗೆ ಬರುವ ಕ್ಲೇಮುಗಳೇ ನಿದರ್ಶನ. ರೈಲಿನಿಂದ ಬಿದ್ದು ಸತ್ತರೆ ರೈಲ್ವೆ ಕಾಯಿದೆಯ 124ಎ ಕಲಂ ಪ್ರಕಾರ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡಬೇಕು. ಆತ್ಮಹತ್ಯೆ, ಸ್ವತಃ ಮಾಡಿಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಅಮಲು ಅಥವಾ ಬುದ್ಧಿಭ್ರಮಣೆ, ಸಹಜ ಕಾಯಿಲೆ, ಇವಿಷ್ಟೇ ರೈಲ್ವೆಗೆ ಉಳಿದ ದಾರಿ. ಅವಸರದಲ್ಲಿ ಹತ್ತುವಾಗ, ಇಳಿಯುವಾಗ ಬಿದ್ದದ್ದನ್ನು ಸ್ವತಃ ಮಾಡಿಕೊಂಡ ಗಾಯವೆಂದು ಕರೆಯಲಾಗದು, ಹೆಣದ ಬಳಿ ಟಿಕೆಟ್ ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಲೇಮು ಹೋಗದು ಎಂದು 2018ರ ರೀನಾ ದೇವಿ ತೀರ್ಪು ಹೇಳಿತು. ಸಾವಿನ ಪರಿಹಾರ 2017ರ ಜನವರಿ 1ರಿಂದ 4 ಲಕ್ಷದಿಂದ 8 ಲಕ್ಷಕ್ಕೆ ಏರಿದೆ.

ಕಾಲ ತಳ್ಳುವುದೂ ರಾಜಿಯೂ

ಡಿಕ್ರಿಯಾದರೂ ಅಮಲ್ಜಾರಿಯಲ್ಲಿ ಎಳೆಯೋಣ ಎನ್ನುವವರಿಗೆ ಬೆಂಗಳೂರಿನ ಆಸ್ತಿಯೊಂದರ ಜಗಳದಲ್ಲಿ ಬಂದ 2021ರ ರಾಹುಲ್ ಷಾ ತೀರ್ಪು ಅಡ್ಡ ನಿಂತಿದೆ. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕೆಂದು ಅದು ಆದೇಶಿಸಿತು. ಆದೇಶಕ್ಕೂ ಕೋರ್ಟಿನ ಹಾಲಿಗೂ ಅಂತರವಿದ್ದೇ ಇದೆ, ಆದರೂ ಎಳೆದವನ ಮೇಲೆ ಖರ್ಚು ಹೇರುವುದು ಹೆಚ್ಚುತ್ತಿದೆ. ಸರ್ಕಾರಕ್ಕೂ ರಿಯಾಯಿತಿಯಿಲ್ಲ: ಕಡತ ಮೇಜಿನಿಂದ ಮೇಜಿಗೆ ಹೋಗುವುದು ತಡವಾಯಿತೆಂಬ ಮಾಮೂಲಿ ಕಾರಣವನ್ನು 2012ರ ಲಿವಿಂಗ್ ಮೀಡಿಯಾ ತೀರ್ಪು ತಳ್ಳಿಹಾಕಿತು.

ಹಾಗಾಗಿ ರಾಜಿಯನ್ನು ಸೋಲೆಂದು ಕಾಣದೆ ಪ್ರತಿವಾದದ ಒಂದು ಹಂತವೆಂದು ಎಣಿಸುವ ವಕೀಲರಿದ್ದಾರೆ. ತುರ್ತು ಪರಿಹಾರ ಕೋರದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದು 2022ರ ಪಾಟೀಲ್ ಆಟೋಮೇಷನ್ ತೀರ್ಪು ಸಾರಿತು. ಅದನ್ನು ಬಿಟ್ಟು ಹೂಡಿದ ದಾವೆಯನ್ನು ಪ್ರತಿವಾದಿ ಅದೇ ಕಾರಣಕ್ಕೆ ತಿರಸ್ಕರಿಸಲು ಕೇಳಬಹುದು. ಲೋಕ ಅದಾಲತ್ತಿನಲ್ಲಿ ಮುಗಿದರೆ ವಾದಿಗೆ ಕೋರ್ಟ್ ಶುಲ್ಕ ವಾಪಸು ಸಿಗುತ್ತದೆ. ಮಾತುಕತೆಯಲ್ಲಿ ಪ್ರತಿವಾದಿ ಬಳಸಿಕೊಳ್ಳಬೇಕಾದ ಆಮಿಷವಿದು. ಆದರೆ 1987ರ ಕಾಯಿದೆಯ 21ನೇ ಕಲಂ ಪ್ರಕಾರ ಅದಾಲತ್ತಿನ ಅವಾರ್ಡ್ ಡಿಕ್ರಿಗೆ ಸಮ, ಅದಕ್ಕೆ ಮೇಲ್ಮನವಿ ಇಲ್ಲ. ನೆಲದ ವಿಷಯದಲ್ಲಿ ರಾಜಿ ಪತ್ರಕ್ಕೆ ಸಹಿ ಹಾಕುವವರು ಸರ್ವೆ ನಂಬರು, ಚಕ್ಕುಬಂದಿ, ಗುಂಟೆ ಲೆಕ್ಕವನ್ನು ಪ್ಲಾನಿನ ಜೊತೆ ತಾಳೆ ನೋಡಿಯೇ ಹಾಕಬೇಕು.